ಅಲ್ಲಿ ಬಂದರೆ ಒಳ್ಳೆಯದು

"ಮನೆಯಲ್ಲಿ ಬಂದರೆ ಕಷ್ಟ. ಅಲ್ಲಿ ಟೇಬಲ್ ಮೇಲೆ ಮಲಗಿದಾಗ ಬಂದರೆ ಒಳ್ಳೆಯದು. ಬರಲಿ ಅಂತಲೇ ನಾವು ಎಲ್ಲ ಮಾಡುವುದು" ಎಂದರು ಮಂಗಳೂರಿನ ಡಾಕ್ಟರು.

ಹೃದಯದ ಬಡಿತ ದಾರಿ ತಪ್ಪುವವರಿಗೆ, ಹೃದಯದೊಳಗೆ ತೆಳ್ಳಗಿನ ವಯರು ಕಳಿಸಿ ಕರೆಂಟಿನ ದಾರಿ ನೋಡುವ ಇಪಿ ಸ್ಟಡಿ, ಅದರ ಜೊತೆಗೇ ತೊಂದರೆಯ ಜಾಗವನ್ನು ಸುಡುವ ಅಬ್ಲೇಷನ್, ಇವೆರಡಕ್ಕೂ ಹೊರಟವರು ಮೊದಲು ಅರಗಿಸಿಕೊಳ್ಳಬೇಕಾದ ಮಾತು ಇದೇ. ವರ್ಷಗಟ್ಟಲೆ ಯಾವುದು ಬರಬಾರದು ಅಂತ ದೇವರಿಗೆ ಕೈಮುಗಿದಿರುತ್ತೇವೋ, ಆ ಬಡಿತದ ಓಟವನ್ನೇ ಅಲ್ಲಿ ಕರೆದು ಬರಿಸುತ್ತಾರೆ. ಬಂದರೆ ಮಾತ್ರ ಅದು ಎಲ್ಲಿಂದ ಹೊರಡುತ್ತದೆ ಅಂತ ಗೊತ್ತಾಗುವುದು. ಗೊತ್ತಾದರೆ ಮಾತ್ರ ಆ ಜಾಗವನ್ನು ಸುಡಲು ಸಾಧ್ಯ. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಉಪವಾಸ, ರಕ್ತಪರೀಕ್ಷೆ, ಒಡವೆ ತೆಗೆದಿಡುವುದು ಎಲ್ಲ ಇತ್ತು. ಹೆದರಿದ್ದನ್ನು ಬರಮಾಡಿಕೊಳ್ಳಲು ಮನಸ್ಸನ್ನು ಹೇಗೆ ಸಜ್ಜು ಮಾಡಬೇಕು ಅಂತ ಇರಲಿಲ್ಲ. ಅದನ್ನು ಬರೆಯಬೇಕು ಅನ್ನಿಸಿತು.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನನಗೆ ಇದು ಶುರುವಾದದ್ದು ಅಂಗಳದಲ್ಲಿ, ಅಡಿಕೆ ಒಣಹಾಕುವ ದಿನಗಳಲ್ಲಿ. ಸಂಜೆ ಮೋಡ ಕಂಡರೆ ಎಲ್ಲರೂ ಓಡಿ ಬಂದು ಬಗ್ಗಿ ಬಗ್ಗಿ ಅಡಿಕೆ ಒಟ್ಟು ಮಾಡಬೇಕಲ್ವಾ? ಹಾಗೆ ಬಗ್ಗಿ ಏಳುವಾಗ ಎದೆಯೊಳಗೆ ಒಂದು ಬಡಿತ ತಪ್ಪಿದ ಹಾಗಾಯಿತು. ಮರುಕ್ಷಣವೇ ಓಟ. ಮೆಟ್ಟಿಲು ಹತ್ತಿದಾಗ ಮೆಲ್ಲ ಏರುವ ಓಟ ಬೇರೆ. ಇದು ಶುರುವಾಗುವಾಗಲೇ ಪೂರ್ತಿ ವೇಗದಲ್ಲಿ ಇರುತ್ತದೆ. ಕುತ್ತಿಗೆಯ ಗುಂಡಿಯಲ್ಲಿ ಡಬಡಬ ಬಡಿಯುವುದು ಎದುರು ಕೂತವರಿಗೂ ಕಾಣುತ್ತದೆ. ನಿಲ್ಲುವಾಗಲೂ ಹಾಗೆಯೇ, ತಟ್ಟನೆ. ನಿಂತ ಮೇಲೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಈ ಕೊನೆಯ ವಿಷಯ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇಪಿ ಡಾಕ್ಟರು ಮೊದಲ ದಿನವೇ ಕೇಳಿದ್ದು ಅದನ್ನು. ಬಗ್ಗಿದಾಗ ಬರುತ್ತದಾ, ಕುತ್ತಿಗೆಯಲ್ಲಿ ಬಡಿಯುತ್ತದಾ, ಬಂದು ಹೋದ ಮೇಲೆ ಮೂತ್ರ ಜಾಸ್ತಿಯಾ? ಮೂರಕ್ಕೂ ಹೌದು ಅಂದಾಗ ಅವರು ಪೆನ್ನು ಕೆಳಗಿಟ್ಟು, "ಸರಿ, ಇದು ನಿಜವಾದ ತೊಂದರೆಯೇ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು.

ಯಾಕೆಂದರೆ ಅಲ್ಲಿಯವರೆಗೆ ಇದಕ್ಕೆ ಇದ್ದ ಹೆಸರು ಗ್ಯಾಸು. ಕೆಲವು ಕಡೆ ಟೆನ್ಶನ್. "ಟೀಚರಲ್ವಾ, ಪೇಪರ್ ತಿದ್ದುವ ಕೆಲಸ ಜಾಸ್ತಿ ಇರಬೇಕು" ಅಂದವರೂ ಇದ್ದರು. ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಜೀಪು ಸಿಕ್ಕಿ, ಗುಡ್ಡ ಇಳಿದು, ಕ್ಲಿನಿಕ್ಕಿನ ಬೆಂಚಿನಲ್ಲಿ ಕೂರುವಷ್ಟರಲ್ಲಿ ಬಡಿತ ನಿಂತಿರುತ್ತಿತ್ತು. ಆಮೇಲೆ ತೆಗೆದ ಇಸಿಜಿ ನಾರ್ಮಲ್. ಆದರೂ ಒಂದು ಮಾತು ಹೇಳಲೇಬೇಕು. ಇದೇ ದೂರನ್ನು ಗಂಡಸರು ಹೇಳಿದರೆ ಹೃದಯದ ಸ್ಕ್ಯಾನ್, ಎಕೋ ಮಾಡಿಸಿ ಅನ್ನುತ್ತಾರೆ, ಹೆಂಗಸರು ಹೇಳಿದರೆ ನಿದ್ದೆ ಸರಿಯಾಗಿ ಮಾಡಿ ಅನ್ನುತ್ತಾರೆ. ಈ ಕಾಯಿಲೆ ಇರುವ ಹೆಂಗಸರಿಗೆ ಗಾಬರಿ, ಆತಂಕ ಅಂತ ಮಾತ್ರೆ ಕೊಟ್ಟು ಕಳಿಸುವುದು ನಮ್ಮೂರಿನ ಕತೆ ಮಾತ್ರ ಅಲ್ಲ. ಬೇರೆ ದೇಶದ ಡಾಕ್ಟರುಗಳೂ ಇದನ್ನು ಗಮನಿಸಿ ಬರೆದಿದ್ದಾರೆ.

ಕೊನೆಗೆ ಸಿಕ್ಕಿಬಿದ್ದದ್ದು ಒಂದು ರಾತ್ರಿ. ಊಟ ಮಾಡಿ ಪಾತ್ರೆ ತೊಳೆಯಲು ಬಗ್ಗಿದಾಗ ಬಂದದ್ದು ನಿಲ್ಲಲೇ ಇಲ್ಲ. ಇವರು ಸೀದಾ ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಕರಕೊಂಡು ಹೋದರು. ಅಲ್ಲಿದ್ದ ನರ್ಸ್ ನನ್ನ ಕುತ್ತಿಗೆ ನೋಡಿದಳು. ಹೆಸರು, ವಯಸ್ಸು ಒಂದೂ ಕೇಳದೆ ಮಲಗಿಸಿ ಇಸಿಜಿ ಹಾಕಿದಳು. ಚೀಟಿ ಆಮೇಲೆ ಮಾಡಿದರಾಯಿತು ಅಂದಳು ಮಲಯಾಳದಲ್ಲಿ. ಗುಲಾಬಿ ಚೌಕಗಳ ಆ ಕಾಗದದ ಮೇಲೆ ಬಡಿತದ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಒತ್ತೊತ್ತಾಗಿ ಬಂದವು. ನಿಮಿಷಕ್ಕೆ 190ರ ಮೇಲೆ. ಸುಮ್ನೆ ಕೂತ ಮನುಷ್ಯರಿಗೆ 60ರಿಂದ 100 ಇರಬೇಕಾದದ್ದು.

ಡ್ಯೂಟಿ ಡಾಕ್ಟರು ಅಡಿನೋಸಿನ್ ಇಂಜೆಕ್ಷನ್ ಕೊಡುತ್ತೇನೆ ಎಂದರು. "ಹತ್ತು ಸೆಕೆಂಡ್ ಎದೆ ಹಿಂಡಿದ ಹಾಗೆ ಆಗ್ತದೆ, ಜೀವ ಹೋಯಿತು ಅನ್ನಿಸ್ತದೆ. ಹೋಗುವುದಿಲ್ಲ. ಹೆದರ್ಬೇಡಿ ಟೀಚರೇ." ಅವರು ಹೇಳಿದ ಹಾಗೆಯೇ ಆಯಿತು. ಆ ಮದ್ದು ರಕ್ತದಲ್ಲಿ ಕೆಲವೇ ಸೆಕೆಂಡು ಉಳಿಯುವುದಂತೆ. ಅಷ್ಟರಲ್ಲಿ ಅದು ಹೃದಯದ ನಡುವಿನ ಒಂದು ಗೇಟನ್ನು ಕ್ಷಣಕಾಲ ಮುಚ್ಚಿಬಿಡುತ್ತದೆ. ಸುತ್ತುತ್ತಿದ್ದ ಕರೆಂಟು ಅಲ್ಲಿಗೆ ಕಡಿಯುತ್ತದೆ. ಮೊದಲೇ ಹೇಳದೆ ಕೊಟ್ಟಿದ್ದರೆ ನಾನು ಕಿರಿಚಿಕೊಳ್ಳುತ್ತಿದ್ದೆ. ಹೇಳಿ ಕೊಟ್ಟದ್ದರಿಂದ ಇವರ ಕೈ ಹಿಡಿದು ಹತ್ತರವರೆಗೆ ಎಣಿಸಿದೆ, ಅಷ್ಟೇ.

ಆ ರಾತ್ರಿಯ ಇಸಿಜಿ ಕಾಗದವೇ ಮುಂದಿನ ಎಲ್ಲದಕ್ಕೂ ಆಧಾರವಾಯಿತು. ನಿಮಗೂ ಇಂಥದ್ದೊಂದು ಕಾಗದ ಇದ್ದರೆ ಈಗಲೇ ಫೋನಿನಲ್ಲಿ ಫೋಟೋ ತೆಗೆಯಿರಿ, ಒಂದು ಜೆರಾಕ್ಸ್ ಕೂಡ ಮಾಡಿಸಿ. ಹೆಚ್ಚಿನ ಕಡೆ ಇಸಿಜಿ ತೆಗೆಯುವುದು ಬಿಸಿಗೆ ಮೂಡುವ ಕಾಗದದಲ್ಲಿ. ಬಿಸಿಲು, ಸೆಕೆ ತಾಗಿ ಗೆರೆಗಳು ಮಾಸಿಹೋಗುತ್ತವೆ. ನಮ್ಮ ಮಳೆಗಾಲದಲ್ಲಿ ಗೋದ್ರೇಜಿನೊಳಗಿಟ್ಟ ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ. ಇಪಿ ಡಾಕ್ಟರಿಗೆ ನಾವು ಎಷ್ಟೇ ವಿವರಿಸಿ ಹೇಳಿದರೂ ಬಡಿತ ಓಡುವಾಗ ತೆಗೆದ ಆ ಒಂದು ಹಾಳೆ ಹೇಳಿದಷ್ಟು ಹೇಳಲಾಗುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ಎದೆಗೆ ಕಟ್ಟಿಕೊಂಡು ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡಿಸಿದ ದಿನ ನನಗೆ ಏನೂ ಬಂದಿರಲಿಲ್ಲ.

ಆಯಿತು, ಕಾಯಿಲೆ ಎಂತದ್ದು? ಊರಿನವರು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಬ್ಲಾಕ್ ಉಂಟಾ?" ಹೃದಯ ಅಂದರೆ ಬ್ಲಾಕು, ತೊಡೆಯಿಂದ ಟ್ಯೂಬು ಹಾಕಿದರೆ ಸ್ಟೆಂಟು. ಇವರು ಕೊನೆಗೆ ತೋಟದವರಿಗೆ ಅರ್ಥವಾಗುವ ಹಾಗೆ ಹೇಳಲು ಕಲಿತರು. "ಪಂಪು ಸರಿ ಉಂಟು, ಪೈಪೂ ಸರಿ ಉಂಟು, ಕರೆಂಟಿನ ಲೈನು ಮಾತ್ರ ಒಂದು ಕಡೆ ಸರಿ ಇಲ್ಲ." ಆಮೇಲೆ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಹೃದಯದ ಬಲ ಮೇಲ್ಕೋಣೆಯ ಮೇಲ್ಭಾಗದಲ್ಲಿ ಬಡಿತ ಹುಟ್ಟುವ ಒಂದು ಸಣ್ಣ ಗಂಟು ಇದೆ. ಅಲ್ಲಿಂದ ಹೊರಟ ಕರೆಂಟು ಮೇಲ್ಕೋಣೆಗಳನ್ನು ದಾಟಿ, ನಡುವಿನ ಇನ್ನೊಂದು ಗಂಟಿನಲ್ಲಿ ಒಂದು ಗಳಿಗೆ ತಡೆದು, ಕೆಳಕೋಣೆಗಳಿಗೆ ಇಳಿಯುತ್ತದೆ. ನಡುವಿನ ಗಂಟನ್ನು 1906ರಲ್ಲಿ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರಾ ವಿವರಿಸಿದರು. ಮೇಲಿನದನ್ನು 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಜಗತ್ತಿಗೆ ಹೇಳಿದರು. ಫ್ಲ್ಯಾಕ್ ಆಗ ಇನ್ನೂ ವಿದ್ಯಾರ್ಥಿ. ಮಣ್ಣು ಕೊರೆಯುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅವನಿಗೆ ಅದು ಕಂಡದ್ದು. ಟೀಚರಾದ ನನಗೆ ಈ ವಿಷಯ ಓದಿ ಬಹಳ ಖುಷಿಯಾಯಿತು. ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿದೆ ಕೂಡ.

ನನ್ನಂಥವರಿಗೆ ನಡುವಿನ ಗಂಟಿನ ಹತ್ತಿರ ಕರೆಂಟಿಗೆ ಎರಡು ದಾರಿ ಇರುತ್ತದೆ, ಒಂದು ವೇಗದ್ದು, ಒಂದು ನಿಧಾನದ್ದು. ಹುಟ್ಟಿನಿಂದಲೇ ಹಾಗೆ. ಹೆಚ್ಚಿನ ಸಮಯ ಏನೂ ತೊಂದರೆ ಇಲ್ಲ. ಒಂದು ಬಡಿತ ಸ್ವಲ್ಪ ಬೇಗ ಬಂದುಬಿಟ್ಟರೆ ಕರೆಂಟು ನಿಧಾನದ ದಾರಿಯಲ್ಲಿ ಇಳಿದು, ವೇಗದ ದಾರಿಯಲ್ಲಿ ವಾಪಸು ಹತ್ತಿ, ಅಲ್ಲೇ ಸುತ್ತತೊಡಗುತ್ತದೆ. ಇನ್ನು ಕೆಲವರಿಗೆ ಮೇಲ್ಕೋಣೆ ಕೆಳಕೋಣೆಗಳ ನಡುವೆ ಬೇರೆಲ್ಲೋ ಒಂದು ಹೆಚ್ಚುವರಿ ಎಳೆ ಇರುತ್ತದೆ. ಎರಡನ್ನೂ ಸೇರಿಸಿ ಎಸ್‌ವಿಟಿ ಅನ್ನುತ್ತಾರೆ, ಅಂದರೆ ಕೆಳಕೋಣೆಗಳಿಗಿಂತ ಮೇಲೆ ಹುಟ್ಟುವ ಬಡಿತದ ಓಟ. ಸಾಮಾನ್ಯವಾಗಿ ಇದು ಜೀವ ತೆಗೆಯುವ ಕಾಯಿಲೆ ಅಲ್ಲ. ಆದರೆ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಒಂದು ಭಯದೊಳಗೆ ದಿನ ಕಳೆಯಬೇಕು. ಬಸ್ಸಿನಲ್ಲಿ ನಿಂತಾಗ, ಬೋರ್ಡಿನ ಮುಂದೆ, ಮದುವೆಮನೆಯಲ್ಲಿ ಬಡಿಸುವಾಗ ಅದೇ ಯೋಚನೆ.

ಮಾತ್ರೆಯಲ್ಲೇ ಹೋಗಬಹುದಿತ್ತು. ಡಾಕ್ಟರು ಅವಸರ ಮಾಡಲಿಲ್ಲ, ಅದನ್ನು ಇಲ್ಲಿ ಹೇಳಬೇಕು. ಮಾತ್ರೆ ತಿಂದರೆ ಬರುವುದು ಕಡಿಮೆಯಾಗುತ್ತದೆ, ತಿನ್ನುತ್ತಲೇ ಇರಬೇಕು. ಅಬ್ಲೇಷನ್ ಮಾಡಿದರೆ ನನ್ನ ಬಗೆಯದ್ದು ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿಗೆ ಹೋಗಿಬಿಡುತ್ತದೆ. ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದರು. ಮಾತ್ರೆಯಿಂದ ನನಗೆ ಕೈಕಾಲು ಸೋಲುತ್ತಿತ್ತು, ಬೆಳಗ್ಗೆ ಎದ್ದು ಕೆಲಸ ಸುಧಾರಿಸಲು ಆಗುತ್ತಿರಲಿಲ್ಲ. ನಾನು ಅಬ್ಲೇಷನ್‌ಗೇ ಮನಸ್ಸು ಮಾಡಿದೆ.

ಅತ್ತೆ ಮಾತ್ರ ಒಪ್ಪಲಿಲ್ಲ. "ಇರುವ ಹೃದಯವನ್ನು ಹೋಗಿ ಸುಡಿಸಿಕೊಳ್ಳುವುದು ಎಂತಕ್ಕೆ ಮಗಾ?" ಎಂದರು. ಅವರಿಗೆ 1968ರ ಕತೆ ಹೇಳಿದೆ. ಆಗ ಇಂಥ ತೊಂದರೆಗೆ ಎದೆ ಬಗೆದೇ ಆಪರೇಷನ್ ಮಾಡಬೇಕಿತ್ತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಬ್ಬ ಮೀನುಗಾರನಿಗೆ ಆ ಹೆಚ್ಚುವರಿ ಎಳೆಯನ್ನು ಹಾಗೆ ಕತ್ತರಿಸಿ ತೆಗೆದರು, ಅವನು ಗುಣವಾದ. 1980ರ ದಶಕದ ಕೊನೆಗೆ ತೊಡೆಯ ರಕ್ತನಾಳದಿಂದ ತೆಳ್ಳಗಿನ ವಯರು ಕಳಿಸಿ, ರೇಡಿಯೋ ತರಂಗದ ಬಿಸಿಯಿಂದ ಕೆಲವು ಮಿಲಿಮೀಟರಿನಷ್ಟು ಜಾಗವನ್ನು ಮಾತ್ರ ಸುಡುವ ವಿಧಾನ ಬಂತು. 50 ಡಿಗ್ರಿ ದಾಟಿದ ಬಿಸಿಗೆ ಆ ಜಾಗ ಕರೆಂಟು ಹರಿಸುವುದನ್ನು ನಿಲ್ಲಿಸುತ್ತದೆ. ಅತ್ತೆ ಎಲ್ಲ ಕೇಳಿ, "ಮೀನು ಹಿಡಿಯುವವನು ಆಮೇಲೆ ಕಡಲಿಗೆ ಹೋದನಾ?" ಎಂದು ಮಾತ್ರ ಕೇಳಿದರು. ಮರುದಿನ ನನ್ನ ಚೀಲಕ್ಕೆ ಹಾಕಲು ಹಳೆಯ ಮೆತ್ತನೆ ಸೀರೆ ತೆಗೆದಿಟ್ಟಿದ್ದರು.

ಇನ್ನು ತಯಾರಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ನೀವು ತಿನ್ನುವ ಎಲ್ಲ ಮದ್ದುಗಳ ಪಟ್ಟಿ. ಎಲ್ಲ ಅಂದರೆ ಎಲ್ಲ. ಅತ್ತೆ ಕೊಡುತ್ತಿದ್ದ ಅರ್ಜುನಾರಿಷ್ಟವನ್ನೂ ಬರೆದೆ, ಗಂಟಲು ನೋವಿಗೆ ತೆಗೆದುಕೊಳ್ಳುವ ಮಾತ್ರೆಯನ್ನೂ ಬರೆದೆ. ಯಾವುದಾದರೂ ಮದ್ದಿನಿಂದ ಮೈಯೆಲ್ಲ ತುರಿಕೆಯಾದ ನೆನಪಿದ್ದರೆ ಹೇಳಬೇಕು. ಹೆಂಗಸರು ಬಸುರಿ ಇರುವ ಸಾಧ್ಯತೆ ಇದ್ದರೆ ಹೇಳಲೇಬೇಕು, ಯಾಕೆಂದರೆ ಒಳಗೆ ವಯರು ಎಲ್ಲಿದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಶುಗರಿನ ಮಾತ್ರೆ, ಇನ್ಸುಲಿನ್ ಇರುವವರು ಉಪವಾಸದ ದಿನ ಎಷ್ಟು, ಯಾವಾಗ ಅಂತ ಕೇಳಿ ಬರೆಸಿಕೊಳ್ಳಬೇಕು. ರಕ್ತಪರೀಕ್ಷೆ, ಎಕೋ ಎಲ್ಲ ಮಾಮೂಲು.

ನಮ್ಮವರಿಗೆ ಇನ್ನೊಂದು ತೊಡಕು ಉಂಟು. ಆಸ್ಪತ್ರೆ ಕರ್ನಾಟಕದಲ್ಲಿ, ರೇಷನ್ ಕಾರ್ಡು ಆರೋಗ್ಯ ಕಾರ್ಡು ಎಲ್ಲ ಕೇರಳದ್ದು. ಅದು ಅಲ್ಲಿ ನಡೆಯುತ್ತದಾ, ಈ ಚಿಕಿತ್ಸೆಗೆ ನಡೆಯುತ್ತದಾ ಅಂತ ತಾರೀಕು ಗೊತ್ತು ಮಾಡುವ ಮೊದಲೇ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ. ಅಡ್ಮಿಟ್ ಆದ ಮೇಲೆ ಕೇಳುವ ವಿಷಯ ಅಲ್ಲ ಅದು.

ಎಲ್ಲಕ್ಕಿಂತ ಕಷ್ಟದ್ದು ಮಾತ್ರೆ ನಿಲ್ಲಿಸುವುದು. ಬಡಿತ ಹತೋಟಿಯಲ್ಲಿಡುವ ಮಾತ್ರೆ ರಕ್ತದಲ್ಲಿದ್ದರೆ ಅಲ್ಲಿ ಟೇಬಲ್ ಮೇಲೆ ಬಡಿತವನ್ನು ಕೆಣಕಿದರೂ ಅದು ಬರುವುದಿಲ್ಲ. ಹಾಗಾಗಿ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಎಷ್ಟು ದಿನ ಅನ್ನುವುದು ಮಾತ್ರೆ ಯಾವುದು ಅನ್ನುವುದರ ಮೇಲೆ. ಅಮಿಯೋಡರೋನ್ ತಿನ್ನುವವರ ಲೆಕ್ಕವೇ ಬೇರೆ, ಅದು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಯಾರೂ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದ ಉಪ್ಪಳದ ಅಜ್ಜನಿಗೆ ಬೇರೆ ಬಗೆಯ ತೊಂದರೆ, ಮೇಲ್ಕೋಣೆ ಕಂಪಿಸುವಂಥದ್ದು, ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ. ಅವರಿಗೆ ರಕ್ತ ತೆಳು ಮಾಡುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ ಅಂದಿದ್ದರು. ತಪ್ಪಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ಅವರಿಗೆ ಗಂಟಲಿನಿಂದ ಟ್ಯೂಬು ಇಳಿಸಿ ಹೆಪ್ಪು ಉಂಟಾ ಅಂತ ನೋಡುವ ಪರೀಕ್ಷೆಯೂ ಇತ್ತು. ನನಗೆ ಅದೊಂದೂ ಇಲ್ಲ. ಒಬ್ಬರಿಗೆ ನಿಲ್ಲಿಸು ಅಂದದ್ದನ್ನು ಇನ್ನೊಬ್ಬರಿಗೆ ನಿಲ್ಲಿಸಬೇಡ ಅನ್ನುತ್ತಾರೆ. ಪಕ್ಕದ ಮನೆಯವರ ಚೀಟಿ ನೋಡಿ ತಯಾರಾಗುವ ಚಿಕಿತ್ಸೆ ಇದಲ್ಲ.

ಮಾತ್ರೆ ನಿಲ್ಲಿಸಿದ ಆ ದಿನಗಳಲ್ಲಿ ಮನೆಯವರೆಲ್ಲ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು. ಬಂದರೆ ಏನು ಮಾಡುವುದು ಅಂತ ಡಾಕ್ಟರನ್ನು ಕೇಳಿ ಎಲ್ಲ ಗೊತ್ತು ಮಾಡಿಕೊಂಡಿದ್ದೆವು. ನನಗೆ ಮಾಡಬಹುದು ಅಂತ ಅವರು ಹೇಳಿಕೊಟ್ಟದ್ದು ಒಂದು ಸುಲಭದ ಉಪಾಯ. ಹತ್ತು ಎಂಎಲ್‌ನ ಖಾಲಿ ಸಿರಿಂಜು, ಸೂಜಿ ಇಲ್ಲದ್ದು. ಅರೆ ಒರಗಿ ಕೂತು, ಸಿರಿಂಜಿನ ತುದಿಯನ್ನು ಬಾಯಲ್ಲಿಟ್ಟು, ಒಳಗಿನ ಕಡ್ಡಿ ಸ್ವಲ್ಪ ಅಲುಗುವಷ್ಟು ಜೋರಾಗಿ 15 ಸೆಕೆಂಡು ಊದಬೇಕು. ಊದಿ ಮುಗಿದ ಕೂಡಲೇ ಪೂರ್ತಿ ಮಲಗಿಸಿ, ಇನ್ನೊಬ್ಬರು ಕಾಲೆರಡನ್ನೂ ಎತ್ತಿ 15 ಸೆಕೆಂಡು ಹಿಡಿಯಬೇಕು. ಸುಮ್ನೆ ಕೂತು ಊದಿದರೆ ನೂರರಲ್ಲಿ 17 ಮಂದಿಗೆ ನಿಲ್ಲುತ್ತದೆ, ಹೀಗೆ ಕಾಲೆತ್ತಿದರೆ 43 ಮಂದಿಗೆ ನಿಲ್ಲುತ್ತದೆ ಅಂತ 2015ರಲ್ಲಿ ಇಂಗ್ಲೆಂಡಿನಲ್ಲಿ ನಡೆಸಿದ ಅಧ್ಯಯನದಲ್ಲಿ ಕಂಡುಬಂತು. ದುಡ್ಡು ಖರ್ಚಿಲ್ಲದ ಚಿಕಿತ್ಸೆ. ಇವರೂ ಮಗಳೂ ನನ್ನನ್ನು ಚಾವಡಿಯಲ್ಲಿ ಮಲಗಿಸಿ ಅಭ್ಯಾಸ ಮಾಡಿದರು. ತಲೆ ತಿರುಗಿ ಬಿದ್ದರೆ, ಎದೆ ನೋವು ಬಂದರೆ, ಉಸಿರು ಸಿಗದಿದ್ದರೆ ಊದುತ್ತಾ ಕೂರಬಾರದು, ನೇರ ಆಸ್ಪತ್ರೆ. ಕುತ್ತಿಗೆಯ ನಾಡಿ ಒತ್ತುವ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬಾರದು.

ನಮ್ಮಲ್ಲಿ "ನೇರ ಆಸ್ಪತ್ರೆ" ಅನ್ನುವುದು ಅಷ್ಟು ಸುಲಭದ ಮಾತಲ್ಲ. ಕುಂಬಳೆಗೆ ಇಳಿದು ಹೆದ್ದಾರಿ 66 ಹಿಡಿದರೆ ಉಪ್ಪಳ, ಹೊಸಂಗಡಿ, ಮಂಜೇಶ್ವರ, ತಲಪಾಡಿ, ಆಮೇಲೆ ಮಂಗಳೂರು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೂ ದೊಡ್ಡ ಕಾಯಿಲೆಗೆ ಕಾಲು ತಿರುಗುವುದು ಮಂಗಳೂರಿನ ಕಡೆಗೇ. ಆ ರಸ್ತೆ ಯಾವಾಗಲೂ ತೆರೆದಿರುತ್ತದೆ ಅಂತ ನಂಬಿದ್ದೆವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಗಡಿ ಮುಚ್ಚಿತು. ಹಲವು ರಸ್ತೆಗಳಿಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ಗಡಿಯ ತಲಪಾಡಿಯಿಂದ ತಿರುಗಿ ಬಂದವು. ಚಿಕಿತ್ಸೆ ಸಿಗದೆ ನಮ್ಮ ಜಿಲ್ಲೆಯ ಹಲವರು ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಿ ಅಂತ ಕೇಂದ್ರ ಸರ್ಕಾರಕ್ಕೆ ಆದೇಶ ಕೊಟ್ಟಿತು. ಆ ವಾರಗಳನ್ನು ನೋಡಿದ ಮೇಲೆ ಇಲ್ಲಿಯ ಯಾರೂ ಆಸ್ಪತ್ರೆಗೆ ಹೋಗುವ ವಿಷಯವನ್ನು ಕೊನೆಗಳಿಗೆಗೆ ಬಿಡುವುದಿಲ್ಲ. ನಾವೂ ಬಿಡಲಿಲ್ಲ. ರಾತ್ರಿ ಯಾವ ಮನೆಯ ಕಾರು, ಯಾರು ಓಡಿಸುವುದು, ಹತ್ತಿರದಲ್ಲಿ ಇಸಿಜಿ ಮತ್ತು ಅಡಿನೋಸಿನ್ ಎಲ್ಲಿ ಇದೆ, ಎಲ್ಲ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆವು. ಭಾವ ಆ ದಿನಗಳಲ್ಲಿ ತನ್ನ ಕಾರನ್ನು ನಮ್ಮ ಅಂಗಳದಲ್ಲೇ ಬಿಟ್ಟಿದ್ದರು.

ಒಂದು ಸಲ ಬಂತು. ಸಿರಿಂಜು ಊದಿ ಮಗಳು ಕಾಲೆತ್ತುವಷ್ಟರಲ್ಲಿ ನಿಂತಿತು. ಅವಳ ಮುಖ ನೋಡಬೇಕಿತ್ತು.

ಅಡ್ಮಿಟ್ ಆದ ಸಂಜೆ ನರ್ಸ್ ಬಂದು ತೊಡೆಸಂದಿನ ಕೂದಲು ತೆಗೆಯಬೇಕು ಎಂದಳು. ನಾಚಿಕೆ ಆಗುತ್ತದೆ, ಆಗದೆ ಇರುವುದಿಲ್ಲ. ಹೆಂಗಸರೇ ಬರಲಿ ಅಂತ ಕೇಳುವ ಹಕ್ಕು ನಮಗಿದೆ, ಕೇಳಿದೆ, ಬಂದರು. ಮಂಗಳೂರಿನ ಆಸ್ಪತ್ರೆಗಳಲ್ಲಿ ಡಾಕ್ಟರು ಕನ್ನಡ, ನರ್ಸು ಮಲಯಾಳ, ವಾರ್ಡು ಗುಡಿಸುವವರು ತುಳು. ಕಾಸರಗೋಡಿನವರಿಗೆ ಅದು ಮನೆಯ ಹಾಗೆಯೇ. ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷಿನಲ್ಲಿತ್ತು. ಸಹಿ ಹಾಕುವ ಮೊದಲು ಇದನ್ನು ಕನ್ನಡದಲ್ಲಿ ಹೇಳಿ ಎಂದೆ. ಜೂನಿಯರ್ ಡಾಕ್ಟರು ಕುರ್ಚಿ ಎಳೆದು ಕೂತರು. ಸೂಜಿ ಹಾಕಿದಲ್ಲಿ ರಕ್ತ ಕಂದುಗಟ್ಟಬಹುದು. ಬಹಳ ಅಪರೂಪಕ್ಕೆ ಹೃದಯದ ಸುತ್ತ ರಕ್ತ ಸೇರಬಹುದು. ಸುಡಬೇಕಾದ ನಿಧಾನದ ದಾರಿ ನಡುವಿನ ಗಂಟಿಗೆ ತೀರ ಹತ್ತಿರ ಇರುವುದರಿಂದ, ಗಂಟಿಗೇ ಪೆಟ್ಟಾದರೆ ಪೇಸ್‌ಮೇಕರ್ ಹಾಕಬೇಕಾಗಬಹುದು. "ಎಷ್ಟು ಜನರಿಗೆ ಹಾಗೆ ಆಗ್ತದೆ ಡಾಕ್ಟ್ರೇ?" ಎಂದೆ. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಎಂದರು. ಇವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ನಾನು ಮಾಡಿದೆ. ಗೊತ್ತಿಲ್ಲದ ಭಯಕ್ಕಿಂತ ಗೊತ್ತಿರುವ ಅಪಾಯ ಹೊರಲು ನನಗೆ ಹಗುರ ಅನ್ನಿಸಿತು.

ರಾತ್ರಿ ಊಟ ಗಂಜಿ, ಉಪ್ಪಿನಕಾಯಿ. ಬೆಳಗ್ಗೆ ಏನೂ ಇಲ್ಲ. ಕಾಫಿ ಇಲ್ಲದ ಬೆಳಗು ಅದೊಂದೇ ಕಷ್ಟ. ಕರಿಮಣಿ, ಬಳೆ, ಓಲೆ ಎಲ್ಲ ತೆಗೆದು ಕೊಡಬೇಕು. ಉಗುರಿನ ಬಣ್ಣ ಇದ್ದರೆ ಹಿಂದಿನ ದಿನವೇ ತೆಗೆಯಬೇಕು, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕುತ್ತಾರೆ. ಇದನ್ನೆಲ್ಲ ಮಾಡುವ ಕೋಣೆ, ಕ್ಯಾತ್‌ಲ್ಯಾಬಿನಲ್ಲಿ ವಿಪರೀತ ಚಳಿ, ಯಂತ್ರಗಳಿಗಾಗಿ ಎಸಿ ಹಾಕಿರುತ್ತಾರೆ. ಇನ್ನೊಂದು ಕಂಬಳಿ ಕೇಳಿ, ಕೊಡುತ್ತಾರೆ.

ಪೂರ್ತಿ ಮಂಪರು ಬರಿಸುವುದಿಲ್ಲ ಅಂತ ಮೊದಲೇ ಹೇಳಿದ್ದರು, ಮಂಪರಿನ ಮದ್ದು ಜಾಸ್ತಿಯಾದರೆ ಬಡಿತವೂ ಮಲಗಿಬಿಡುತ್ತದೆ. ಎಚ್ಚರವಾಗಿಯೇ ಇದ್ದೆ. ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಉರಿ ಆಯಿತು, ಆಮೇಲೆ ಒತ್ತಿದ ಹಾಗೆ ಮಾತ್ರ. ವಯರುಗಳು ಒಳಗೆ ಹೋದದ್ದು ಗೊತ್ತೇ ಆಗಲಿಲ್ಲ. ಆಮೇಲೆ ಅವರು ಹೊರಗಿನಿಂದ ಬಡಿತ ಕೊಡಲು ಶುರು ಮಾಡಿದರು. ಎದೆ ನನ್ನ ಮಾತು ಬಿಟ್ಟು ಇನ್ಯಾರದೋ ಮಾತು ಕೇಳುವುದನ್ನು ಮಲಗಿ ಅನುಭವಿಸುವುದು ವಿಚಿತ್ರ. ಮೊದಲು ಬರಲಿಲ್ಲ. ಬಡಿತ ಏರಿಸುವ ಐಸೊಪ್ರಿನಾಲಿನ್ ಮದ್ದಿನ ಡ್ರಿಪ್ ಹಾಕಿದರು, ಓಡಿ ಬಂದವರ ಹಾಗೆ ಎದೆ ಬಡಿಯತೊಡಗಿತು. ಮತ್ತೆ ಕೆಣಕಿದರು. ಆಗ ಒಂದು ಬಡಿತ ತಪ್ಪಿದ ಹಾಗಾಗಿ, ಕುತ್ತಿಗೆಯ ಗುಂಡಿಯಲ್ಲಿ ಅದೇ ಡಬಡಬ.

"ಇದೇನಾ ನಿಮಗೆ ಮನೆಯಲ್ಲಿ ಬರುವುದು?" ಗಾಜಿನ ಆಚೆಯಿಂದ ಮೈಕಿನಲ್ಲಿ ಕೇಳಿದರು.

"ಇದೇ ಡಾಕ್ಟ್ರೇ, ಇದೇ" ಎಂದೆ. ನನಗೆ ಭಯ ಆಗಲಿಲ್ಲ. ಅಷ್ಟು ವರ್ಷ ಯಾರಿಗೂ ತೋರಿಸಲಾಗದೆ ಇದ್ದದ್ದನ್ನು ಕೋಣೆ ತುಂಬ ಜನ ಪರದೆಯಲ್ಲಿ ನೋಡುತ್ತಿದ್ದರು.

ನಿಲ್ಲಿಸಿದರು, ಸುಟ್ಟರು. ಒಂದೊಂದು ಸಲಕ್ಕೆ ಒಂದು ನಿಮಿಷದ ಆಸುಪಾಸು. ಎದೆಯಲ್ಲಿ ಸ್ವಲ್ಪ ಬಿಸಿ, ಸ್ವಲ್ಪ ನೋವು. ಆಗ ಅಲುಗಬಾರದು, ಉಸಿರು ಜೋರಾಗಿ ಎಳೆಯಬಾರದು. ಆಮೇಲೆ ಎಷ್ಟು ಕೆಣಕಿದರೂ ಬರಲಿಲ್ಲ.

ಮನೆಗೆ ಬಂದ ಮೇಲಿನ ತಯಾರಿಯನ್ನು ಹೋಗುವ ಮೊದಲೇ ಮಾಡಿಟ್ಟುಕೊಳ್ಳಿ. ಅದನ್ನು ಯಾರೂ ಹೇಳುವುದಿಲ್ಲ. ಅದೇ ದಿನ ಕೆಲವು ಗಂಟೆ ಕಾಲು ಮಡಚದೆ ಅಂಗಾತ ಮಲಗಬೇಕು, ಹಾಗಾಗಿ ಬೆಡ್‌ಪ್ಯಾನಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಸುಮಾರು ಒಂದು ವಾರ ಭಾರ ಎತ್ತಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು. ನಮ್ಮ ಮನೆಯದ್ದು ಹಳೇ ಕಾಲದ ಪಾಯಿಖಾನೆ. ಇವರು ಬದಿಯಡ್ಕದಿಂದ ಕಮೋಡ್ ಇರುವ ಕುರ್ಚಿ ತಂದಿಟ್ಟಿದ್ದರು. ರಸ್ತೆಯಿಂದ ಮನೆಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳು. ಒಂದೊಂದಾಗಿ, ಸೂಜಿ ಹಾಕದ ಕಾಲಿನ ಮೇಲೆ ಭಾರ ಕೊಟ್ಟು ಇಳಿದೆ. ಬಾವಿಯಿಂದ ನೀರು ಸೇದುವುದು, ಅಡಿಕೆ ಹೆಕ್ಕುವುದು, ಸ್ಕೂಟರ್ ಎಲ್ಲ ಬಂದ್. ಅಕ್ಕ ಬಂದು ನಿಂತದ್ದರಿಂದ ಸುಧಾರಿಸಿತು. ಕೆಲವು ವಾರಗಳವರೆಗೆ ಆಗೊಮ್ಮೆ ಈಗೊಮ್ಮೆ ಒಂದು ಬಡಿತ ತಪ್ಪಿದ ಹಾಗೆ ಆಗುತ್ತದೆ. ಎದೆ ಧಸಕ್ ಅನ್ನುತ್ತದೆ, ಆದರೆ ಓಟ ಶುರುವಾಗುವುದಿಲ್ಲ. ಕೆಲವರಿಗೆ ಮಾತ್ರ ಮತ್ತೆ ಬರುತ್ತದೆ, ಬಂದರೆ ಇನ್ನೊಮ್ಮೆ ಮಾಡಬಹುದು.

ಈಗ ಎದೆ ಡವಗುಟ್ಟುತ್ತದೆ ಅಂತ ನನಗೆ ಫೋನ್ ಮಾಡುವ ಟೀಚರುಗಳಿಗೆ, ಮಕ್ಕಳ ಅಮ್ಮಂದಿರಿಗೆ ನಾನು ಹೇಳುವುದು ಒಂದೇ. ಓಡುತ್ತಿರುವಾಗಲೇ ಇಸಿಜಿ ತೆಗೆಸಿ. ಹೇಳುವುದೇನೋ ಹೇಳುತ್ತೇನೆ, ರಾತ್ರಿ ಹನ್ನೊಂದು ಗಂಟೆಗೆ ಬಂದಡ್ಕದವರು, ಪೈವಳಿಕೆಯವರು ಅದನ್ನು ಎಲ್ಲಿ ತೆಗೆಸಬೇಕು? ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು, 2020ರ ಏಪ್ರಿಲಿನಲ್ಲಿ ಕೊರೋನಾ ಆಸ್ಪತ್ರೆಯಾಗಿ ಬಾಗಿಲು ತೆರೆದರು. ಇಪಿ ಲ್ಯಾಬು ಪ್ರತಿ ಊರಿಗೂ ಬೇಕು ಅಂತ ನಾನು ಕೇಳುವುದಿಲ್ಲ, ಅದಕ್ಕೆ ಬೇಕಾದ ಯಂತ್ರ, ಪರಿಣತರು ದೊಡ್ಡ ಊರಿನಲ್ಲೇ ಇರಲಿ. ಆದರೆ ಇಸಿಜಿ ಯಂತ್ರ ಒಂದು ಸೂಟ್‌ಕೇಸಿನಷ್ಟೂ ಇಲ್ಲ. ನಮ್ಮ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ರಾತ್ರಿ ಹೊತ್ತೂ ಅದೊಂದು ಇರಲಿ, ಚೀಟಿ ಆಮೇಲೆ ಮಾಡಿದರಾಯಿತು ಅನ್ನುವ ಒಬ್ಬ ನರ್ಸ್ ಇರಲಿ. ಪಂಚಾಯತಿನ ಗ್ರಾಮಸಭೆಯಲ್ಲಿ ಇದನ್ನು ಅರ್ಜಿ ಬರೆದು ಕೊಟ್ಟಿದ್ದೇನೆ. ನಿಮ್ಮ ಪಂಚಾಯತಿನಲ್ಲೂ ಕೊಡಿ.